ಬೆನ್ನಕ್ಕನ ಹೆಬ್ಬೆರಳು

ಬೆನ್ನಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದೀಗ ಬ್ಯಾಂಕಿನವರಿಗೂ ಮತದಾರರ ಪಟ್ಟಿಗೂ ಬಿಟ್ಟರೆ ಇನ್ನಾರಿಗೂ ಬೇಕಿರಲಿಲ್ಲ. ಬೀದಿಗೆಲ್ಲ ಆಕೆ ಬೆನ್ನಕ್ಕ. ಹೊಲಿಗೆ ಅಂಗಡಿಯ ಪಕ್ಕದ ಓಣಿಯಲ್ಲಿ ಆಕೆಯ ಕೋಣೆ. ಬಾಗಿಲ ಮೇಲೆ ‘ಆಸ್ಟಿಯೋಪತಿ’ ಎಂದು ಬರೆದ ಹಲಗೆ. ಅದನ್ನು ಎಡವದೆ ಓದಿದವರು ಕಡಿಮೆ, ಓದಿ ಅರ್ಥ ಮಾಡಿಕೊಂಡವರು ಇನ್ನೂ ಕಡಿಮೆ. ಕೆಲವರು ಮೂಳೆ ಕಟ್ಟುವವಳೆಂದುಕೊಂಡು ಮುರಿದ ಕೈ ಹಿಡಿದು ಬರುತ್ತಿದ್ದರು. ಅವರನ್ನು ಆಕೆ ಹೊಸ್ತಿಲಿನಿಂದಲೇ ಆಸ್ಪತ್ರೆಗೆ ಅಟ್ಟುತ್ತಿದ್ದಳು. ಇನ್ನು ಕೆಲವರು ಮಸಾಜ್ ಎಂದುಕೊಂಡು ಬರುತ್ತಿದ್ದರು. ಇವರನ್ನು ಮಾತ್ರ ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ. ಕೂರಿಸಿ ಒಂದು ಉಪನ್ಯಾಸ ಕೊಡುತ್ತಿದ್ದಳು.

“ದೇಹ ಅಂದ್ರೆ ಬಿಡಿಭಾಗದ ಅಂಗಡಿ ಅಂದ್ಕೊಂಡ್ರಾ? ಅದು ಒಂದೇ ನೇಯ್ಗೆಯ ಬಟ್ಟೆ. ಇಲ್ಲಿ ಎಳೆದ್ರೆ ಅಲ್ಲಿ ಸುಕ್ಕು. ಸುಕ್ಕು ಬಿದ್ದ ಕಡೆ ತಿಕ್ಕಿ ಕಳಿಸೋರು ಬೇಕಾದಷ್ಟು ಜನ ಇದ್ದಾರೆ. ಎಳೀತಿರೋದು ಎಲ್ಲಿ ಅಂತ ಹುಡುಕೋದು ನನ್ನ ಕೆಲಸ. ಆ ಎಳೆತ ಸಡಿಲ ಮಾಡಿಕೊಟ್ರೆ ಸಾಕು, ಉಳಿದ ರಿಪೇರಿ ದೇಹ ತಾನೇ ಮಾಡ್ಕೊಳ್ಳುತ್ತೆ.”

ಆಕೆಯ ಗಂಡ ಸಿಟಿ ಬಸ್ ಓಡಿಸಿ ನಿವೃತ್ತನಾದವನು. ಈ ಉಪನ್ಯಾಸ ಅವನಿಗೆ ಹಳೆಯ ರೂಟಿನಷ್ಟೇ ಬಾಯಿಪಾಠವಾಗಿತ್ತು. ‘ಸುಕ್ಕು’ ಎಂಬ ಸ್ಟಾಪು ಬಂದಾಗ ಒಳಗೆ ಚಹಾಕ್ಕೆ ನೀರಿಡುತ್ತಿದ್ದ. ‘ರಿಪೇರಿ’ ಸ್ಟಾಪಿಗೆ ಬರುವಷ್ಟರಲ್ಲಿ ನೀರು ಕುದಿಯುತ್ತಿತ್ತು.

ಉಪನ್ಯಾಸ ಏನೇ ಇರಲಿ, ಆಕೆಯ ಕೈಯ ಬಗ್ಗೆ ಯಾರೂ ಎರಡು ಮಾತಾಡುತ್ತಿರಲಿಲ್ಲ. ಒಮ್ಮೆ ಗಡಿಯಾರ ರಿಪೇರಿಯವನು ತಲೆನೋವೆಂದು ಬಂದ. ಆಕೆ ತಲೆಯ ತಂಟೆಗೇ ಹೋಗಲಿಲ್ಲ. ಅವನು ನಡೆದು ಬಂದದ್ದನ್ನು, ಕೂತದ್ದನ್ನು, ಬೂಟು ಬಿಚ್ಚಲು ಬಗ್ಗಿದ್ದನ್ನು ನೋಡಿದಳು. ಆಮೇಲೆ ಅವನ ಬೆನ್ನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ರೇಡಿಯೋದಲ್ಲಿ ದೂರದ ಸ್ಟೇಷನ್ ಹುಡುಕುವವಳ ಹಾಗೆ ನಿಂತಳು. ವರ್ಷಗಟ್ಟಲೆ ಒಂದೇ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೇ ಕಡೆ ಬಾಗಿ ಕೂತು ಅವನ ಬಲಗಡೆಯ ಪಕ್ಕೆಲುಬುಗಳು ಮುಷ್ಟಿಯಂತೆ ಬಿಗಿದುಕೊಂಡಿದ್ದವು. ಉಸಿರೆಳೆದರೆ ಎಡಪಕ್ಕೆ ಏಳುತ್ತಿತ್ತು, ಬಲಪಕ್ಕೆ ಮುನಿಸಿಕೊಂಡ ನೆಂಟನ ಹಾಗೆ ಕೂತಲ್ಲೇ ಕೂತಿರುತ್ತಿತ್ತು. ವಾರಕ್ಕೊಮ್ಮೆ ಬಂದು ಹೋಗುತ್ತ ಆ ಮುಷ್ಟಿ ಸಡಿಲವಾದಂತೆ ತಲೆನೋವೂ ಹಗುರಾಯಿತು. “ತಲೆನೋವು ಅಂದ್ರೆ ಪಕ್ಕೆ ಒತ್ತಿದ್ರು ಕಣ್ರೀ!” ಎಂದು ಅವನು ಹೇಳಿಕೊಂಡು ತಿರುಗಿದ. ಅರ್ಧ ಊರು ನಕ್ಕಿತು; ಇನ್ನರ್ಧ ಬಂದು ಬಾಗಿಲಲ್ಲಿ ನಿಂತಿತು.

ಬೆನ್ನಕ್ಕನಿಗೆ ಕಲಿಸಿದ ಗುರುಗಳು ಒಂದು ಮಾತನ್ನು ಎಡೆಬಿಡದೆ ಹೇಳುತ್ತಿದ್ದರು: “ನೋವು ಅಂದ್ರೆ ಅಳೋ ಕೂಸು. ಅದನ್ನ ಅಳಿಸಿದವನು ಬೇರೆ ಎಲ್ಲೋ ನಿಂತು, ಏನೂ ಗೊತ್ತಿಲ್ಲದವನ ಹಾಗೆ ಆಕಾಶ ನೋಡ್ತಿರ್ತಾನೆ. ಅವನನ್ನ ಹಿಡೀರಿ.” ಬೆನ್ನಕ್ಕ ಅವನನ್ನು ಹಿಡಿಯುವುದರಲ್ಲೇ ಹರೆಯ ಕಳೆದಿದ್ದಳು. ಮೊಣಕಾಲು ಎಂದವರ ಸೊಂಟ ನೋಡಿದಳು, ಕುತ್ತಿಗೆ ಎಂದವರ ಪಾದ ನೋಡಿದಳು. ನೋವಿರುವ ಜಾಗಕ್ಕೆ ನೇರವಾಗಿ ಕೈ ಹಾಕುವುದು ಆಕೆಯ ಕಣ್ಣಿಗೆ ಸ್ವಲ್ಪ ಅಸಭ್ಯವಾಗಿಯೇ ಕಾಣುತ್ತಿತ್ತು.

ಇಂಥ ಬೆನ್ನಕ್ಕನ ಬಲಗೈ ಹೆಬ್ಬೆರಳು ನೋಯತೊಡಗಿತು.

ಬೇರೆ ಯಾರಾದರೂ ಆಗಿದ್ದರೆ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದರು. ಬೆನ್ನಕ್ಕ ಮೊದಲು ಕುತ್ತಿಗೆ ನೋಡಿದಳು. ಅಲ್ಲಿ ಸಿಗದಿದ್ದಾಗ ದಿಂಬು ಬದಲಾಯಿಸಿದಳು. ಭುಜ, ಮೊಣಕೈ, ಪಕ್ಕೆ ಎಲ್ಲದರ ತನಿಖೆ ನಡೆಯಿತು. ಕೈಚೀಲ ಎಡಹೆಗಲಿಗೆ ಬಂತು. ಚಿಕ್ಕವಳಿದ್ದಾಗ ಜಾರುಬಂಡೆಯಿಂದ ಬಿದ್ದು ಉಳುಕಿಸಿಕೊಂಡಿದ್ದ ಕಾಲನ್ನು ನೆನಪಿಸಿಕೊಂಡು, ಮೂಲ ಅಲ್ಲೇ ಇದೆಯೆಂದು ಹೊಸ ಚಪ್ಪಲಿ ಕೊಂಡಳು. ಗಂಡನನ್ನು ಕರೆದು, “ರೀ, ನನ್ನ ಎಡಗಡೆ ಪಕ್ಕೆಲುಬಿನ ಮೇಲೆ ಕೈ ಇಡಿ, ನಾನು ಉಸಿರು ಬಿಟ್ಟಾಗ ಮೆಲ್ಲಗೆ ಒತ್ತಿ” ಎಂದಳು.

“ನೋವು ಬಲಗೈ ಹೆಬ್ಬೆರಳಲ್ಲಿ ಅಲ್ವಾ?”

“ಅದಕ್ಕೇ ಎಡಪಕ್ಕೆ.”

ಅವನು ಒತ್ತಿದ. ಬ್ರೇಕು ಒತ್ತಿ ಅಭ್ಯಾಸವಾದ ಮನುಷ್ಯ. ಸ್ವಲ್ಪ ಜೋರಾಗಿಯೇ ಒತ್ತಿದ. ಆಮೇಲೆ ಪಕ್ಕೆಯೂ ನೋಯತೊಡಗಿತು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಮಗಳಿಗೆ ಕೊನೆಗೆ ತಡೆಯಲಾಗಲಿಲ್ಲ. ತಾಯಿಯನ್ನು ಮೂಳೆ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಅವರು ಒಳ್ಳೆಯ ಮನುಷ್ಯ, ಮಾತು ಕಡಿಮೆ. ಹೆಬ್ಬೆರಳಿನ ಬುಡ ಹಿಡಿದು ಒಂದು ಸುತ್ತು ತಿರುವಿದರು. ಬೆನ್ನಕ್ಕ ಕುರ್ಚಿಯಿಂದ ಎದ್ದುಬಿಟ್ಟಳು. ಎಕ್ಸ್‌ರೇ ತೆಗೆಸಿ ನೋಡಿದರು.

“ಕೀಲು ಸವೆದಿದೆ.”

“ಅದು ಸರಿ ಡಾಕ್ಟ್ರೇ. ಕಾರಣ ಎಲ್ಲಿದೆ?”

“ಇಲ್ಲೇ.”

“ಇಲ್ಲೇ ಅಂದ್ರೆ, ಮೂಲ?”

“ಹೆಬ್ಬೆರಳಲ್ಲೇ ಅಮ್ಮಾ. ಇಷ್ಟು ವರ್ಷ ಊರಿನವರ ಬೆನ್ನೆಲ್ಲ ಇದರಲ್ಲೇ ಒತ್ತಿದ್ದೀರಿ. ಸವೀದೆ ಏನಾಗುತ್ತೆ? ಇನ್ನು ಈ ಬೆರಳಲ್ಲಿ ಒತ್ತೋ ಹಾಗಿಲ್ಲ.”

ಅಳಿಸಿದವನನ್ನು ಮನೆಮನೆ ಹುಡುಕಿಕೊಂಡು ಹೋದರೆ, ಅವನು ಕೂಸಿನ ತೊಟ್ಟಿಲಲ್ಲೇ ಕಾಲು ಚಾಚಿ ಮಲಗಿದ್ದ. ಬೆನ್ನಕ್ಕನಿಗೆ ಸವೆತಕ್ಕಿಂತ ಈ ಅವಮಾನ ಹೆಚ್ಚು ನೋಯಿತು. ದಾರಿಯುದ್ದಕ್ಕೂ ಮಗಳು ನಗು ತಡೆದುಕೊಂಡು ಬಸ್ಸಿನ ಕಿಟಕಿಯಾಚೆ ನೋಡುತ್ತಿದ್ದಳು. “ನಕ್ಕುಬಿಡೇ, ಹೊಟ್ಟೆ ಹಿಡ್ಕೊಂಡ್ರೆ ಬೆನ್ನಿಗೆ ಬರುತ್ತೆ” ಎಂದಳು ಬೆನ್ನಕ್ಕ. ಆಗ ಇಬ್ಬರೂ ನಕ್ಕರು.

ಕೋಣೆಗೆ ಬೀಗ ಬಿತ್ತು. ಸ್ವಲ್ಪ ದಿನಕ್ಕೆ ಮಾತ್ರ ಎಂದು ಆಕೆ ಹೇಳಿದಳು; ಇನ್ನೆಂದಿಗೂ ಎಂದು ಮನೆಯವರು ಕೇಳಿಸಿಕೊಂಡರು. ಬೆರಳಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತ ಬೆನ್ನಕ್ಕನ ತಲೆ ಮಾತ್ರ ಕೂರಲಿಲ್ಲ. ಒತ್ತುವುದು ಬೆರಳಿಗೆ ಆಗದು, ಸರಿ. ಆದರೆ ದೇಹ ಒಂದೇ ಬಟ್ಟೆ ಎಂದು ಇಷ್ಟು ವರ್ಷ ಸಾರಿಕೊಂಡು ಬಂದವಳು ಒಂದು ಬೆರಳಿಗೆ ಹೆದರುವುದೇ? ಗಂಡ ಮಧ್ಯಾಹ್ನ ಬೋರಲು ಮಲಗಿದ್ದಾಗ ಹೋಗಿ ಅವನ ಬೆನ್ನ ಮೇಲೆ ಮುಂಗೈ ಊರಿ ನೋಡಿದಳು. ಬೆರಳು ಬಿಟ್ಟು, ಕೈ ಬಿಟ್ಟು, ಹಿಮ್ಮಡಿಯಿಂದ ತೂಕ ಎತ್ತಿ, ಸೊಂಟದ ಮೂಲಕ ಹಾಯಿಸಿ, ಮೊಣಕೈಯಿಂದ ಮೆಲ್ಲಗೆ ಇಳಿಬಿಟ್ಟಳು. ಮುಂಗೈಗೆ ಬೆರಳಿನ ಚುರುಕು ಇರಲಿಲ್ಲ. ಮೊದಮೊದಲು ಕೈಗವಸು ಹಾಕಿಕೊಂಡು ಕಾಗದ ಓದಿದ ಹಾಗಿತ್ತು. ಬರಬರುತ್ತ ಒಂದೊಂದು ಅಕ್ಷರ ಕಂಡಿತು. ಇಲ್ಲಿ ಬಿಗಿ, ಇಲ್ಲಿ ಸಡಿಲ, ಇಲ್ಲಿ ಉಸಿರು ತಲುಪುತ್ತಿಲ್ಲ. ಗಂಡ ಗೊರಕೆ ನಿಲ್ಲಿಸಲಿಲ್ಲ. ಅದನ್ನೇ ಪ್ರಮಾಣಪತ್ರ ಎಂದುಕೊಂಡಳು.

ಮಂಚದ ಮೇಲೆ ಬಂದ ವಿದ್ಯೆ ಕೋಣೆಯ ಮೇಜಿನ ಮೇಲೆ ಬರಲಿಲ್ಲ. ಒಂದು ದಿನ ಬೀಗ ತೆಗೆದು, ಗಂಡನನ್ನು ಮಲಗಿಸಿ ನೋಡಿದಳು. ತೂಕ ಇಳಿಯಲೇ ಇಲ್ಲ, ಭುಜ ಕಿವಿಗೆ ಬಂತು. ಯಾಕೆಂದು ಆಕೆಗೆ ಹೊಳೆಯಲಿಲ್ಲ. ಭುಜ ನೋಡಿಕೊಂಡಳು, ಕುತ್ತಿಗೆ ನೋಡಿಕೊಂಡಳು. ಹಳೆಯ ಚಾಳಿ ಅಷ್ಟು ಬೇಗ ಹೋಗುವುದಲ್ಲ.

ಭಾನುವಾರ ಬೆಳಿಗ್ಗೆ ಅಣ್ಣ ಬಂದ. ಅಣ್ಣ ಎಂದರೆ ವಿಮಾ ಕಚೇರಿಯಲ್ಲಿ ದೊಡ್ಡ ಕುರ್ಚಿಯಲ್ಲಿದ್ದು ನಿವೃತ್ತನಾದವನು, ಈಗ ತನ್ನ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಅಧ್ಯಕ್ಷ. ಎರಡು ಜನ ಒಟ್ಟಿಗೆ ಕೂತರೆ ಅವನ ಕಣ್ಣಿಗೆ ಅದು ಸಭೆ. ಸಭೆ ಎಂದ ಮೇಲೆ ಅಧ್ಯಕ್ಷತೆ ಅವನದೇ. ಎಲ್ಲರನ್ನೂ ಓಣಿಯ ಕೋಣೆಗೇ ಕರೆಸಿದ. ಮೇಜಿನ ಒಂದು ಕಡೆ ತಾನು ನಿಂತ, ಇನ್ನೊಂದು ಕಡೆ ಬೆನ್ನಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿದ. ಗಂಡ ಮತ್ತು ಮಗಳು ಗೋಡೆಗೆ ಒರಗಿ ನಿಂತರು.

“ಮೊದಲನೆಯದಾಗಿ,” ಎಂದ ಅಣ್ಣ. ಅವನ ಮಾತಿನಲ್ಲಿ ಮೊದಲನೆಯದು ಯಾವಾಗಲೂ ಇರುತ್ತಿತ್ತು. ಎರಡನೆಯದನ್ನು ಈವರೆಗೆ ಯಾರೂ ಕಂಡಿರಲಿಲ್ಲ. “ಪುಟ್ಟೀ, ನಾವೆಲ್ಲ ಕೂತು ಯೋಚನೆ ಮಾಡಿದ್ದೀವಿ.”

“ನಾನು ಕೂತಿರಲಿಲ್ಲವಲ್ಲ.”

“ಅದಕ್ಕೇ ಈಗ ಕೂರಿಸಿದ್ದೀವಿ. ನೋಡು, ದುಡಿದಿದ್ದು ಸಾಕು. ಬೆರಳು ಹೋಯ್ತು, ಇನ್ನು ಕೈ ಹೋಗೋದು ಬೇಡ. ಕೋಣೆ ಬಿಟ್ಟುಬಿಡೋದು ಅಂತ ತೀರ್ಮಾನ ಆಗಿದೆ. ಈ ಮೇಜನ್ನ ಇಸ್ತ್ರಿ ಅಂಗಡಿಯವನು ತಗೋತಾನಂತೆ. ಭಾವ ಮಾತಾಡಿದ್ದಾರೆ.”

ಬೆನ್ನಕ್ಕ ಗಂಡನ ಕಡೆ ನೋಡಿದಳು. ಅವನು ಚಾವಣಿಯ ಫ್ಯಾನು ನೋಡುತ್ತಿದ್ದ.

ಆ ಮೇಜು ಕೋಣೆ ತೆರೆದ ವರ್ಷ ಬಡಗಿ ಮಾಡಿಕೊಟ್ಟದ್ದು. ಅವಳ ಅಳತೆಗೆ ಎತ್ತರ, ಮೇಲೆ ಕಂದು ರೆಕ್ಸಿನ್, ಮುಖ ಇಡಲು ಒಂದು ತೂತು. ಆ ತೂತಿನಲ್ಲಿ ಮುಖವಿಟ್ಟು ಅಧ್ಯಕ್ಷನೂ ಸೇರಿದಂತೆ ಊರಿನ ಎಷ್ಟೋ ದೊಡ್ಡ ಮನುಷ್ಯರು ನೆಲದ ಮೇಲಿನ ಧೂಳನ್ನು ಹತ್ತಿರದಿಂದ ಕಂಡಿದ್ದರು. ಅದು ಹೋದರೆ ಕೋಣೆ ಹೋಯಿತು. ಕೋಣೆ ಹೋದರೆ ಬೆನ್ನಕ್ಕ ಹೋಗಿ, ಮತದಾರರ ಪಟ್ಟಿಯ ಆ ಹೆಂಗಸು ಮಾತ್ರ ಉಳಿಯುತ್ತಾಳೆ. ಆ ಹೆಂಗಸಿನ ಪರಿಚಯ ಬೆನ್ನಕ್ಕನಿಗೇ ಸರಿಯಾಗಿರಲಿಲ್ಲ.

“ರೀ, ನನ್ನ ಕೇಳದೆ ಮಾರಿಬಿಟ್ರಾ?”

ಗಂಡ ಫ್ಯಾನಿನಿಂದ ಕೆಳಗಿಳಿದ. “ನಲ್ಲಿ ತಿರುಗಿಸೋವಾಗ ನೀನು ಹಲ್ಲು ಕಚ್ಚೋದು ನಂಗೆ ಪಕ್ಕದ ರೂಮಿಗೆ ಕೇಳುತ್ತೆ. ಇನ್ನೆಷ್ಟು ದಿನ ಕೇಳಿಸ್ಕೊಂಡು ಕೂರಲಿ?”

ಬೆನ್ನಕ್ಕ ಪಟ್ಟಿ ಕಟ್ಟಿದ ಬೆರಳನ್ನು ಸೆರಗಿನಡಿ ಸರಿಸಿ, “ನಲ್ಲಿ ನೀವು ತಿರುಗಿಸಿ. ಬೆನ್ನು ನನಗೆ ಬಿಡಿ” ಎಂದಳು.

“ಪುಟ್ಟೀ, ಹಟ ಮಾಡಬೇಡ. ತೀರ್ಮಾನ ಆಗಿದೆ ಅಂದೆನಲ್ಲ.”

“ಆಗಿದ್ರೆ ಆಗಲಿ ಅಣ್ಣಾ. ನಿನ್ನ ಅಪಾರ್ಟ್‌ಮೆಂಟಲ್ಲಿ ಲಿಫ್ಟು ಸರಿ ಮಾಡಿಸಬೇಕು ಅಂತಲೂ ತೀರ್ಮಾನ ಆಗಿತ್ತಲ್ಲ. ಈಗಲೂ ಮೆಟ್ಟಿಲು ಹತ್ತಿಕೊಂಡೇ ತಾನೇ ಹೋಗ್ತೀಯ?”

ಮಗಳು ಕೆಮ್ಮಿದ ಹಾಗೆ ಮಾಡಿ ಮುಖ ತಿರುಗಿಸಿಕೊಂಡಳು. ಅಣ್ಣ ಮತ್ತೆ ‘ಮೊದಲನೆಯದಾಗಿ’ ಎನ್ನುವಷ್ಟರಲ್ಲಿ ಇಸ್ತ್ರಿ ಅಂಗಡಿಯವನು ಬಾಗಿಲಲ್ಲಿ ಇಣುಕಿದ. ಬೀದಿಯ ಬಟ್ಟೆಗಳನ್ನೆಲ್ಲ ನೆಟ್ಟಗೆ ಮಾಡುವ ಆ ಮನುಷ್ಯ ತಾನು ಮಾತ್ರ ಸೊಂಟದಲ್ಲಿ ಮಡಿಚಿಕೊಂಡಿದ್ದ. ಅವನ ಅಂಗಡಿಯ ಮೇಜು ತೀರಾ ಕುಳ್ಳು. ಅದರ ಮೇಲೆ ದಿನವಿಡೀ ಬಗ್ಗಿ ಬಗ್ಗಿ ಈ ಗತಿಯಾಗಿತ್ತು. ಒಳಗಿನ ಬಿಸಿ ಅವನಿಗೆ ಗೊತ್ತಾಗಲಿಲ್ಲ. ಸೀದಾ ಬಂದು ಮೇಜಿನ ಮುಂದೆ ನಿಂತ, ಅಂಗೈ ಊರಿದ, ಇಸ್ತ್ರಿ ಆಡಿಸುವವನ ಹಾಗೆ ಕೈ ಹಿಂದೆ ಮುಂದೆ ಆಡಿಸಿದ.

“ಆಹಾ! ಎತ್ತರ ಅಂದ್ರೆ ಇದು ಅಕ್ಕಾ. ಬಗ್ಗೋ ಹಾಗೇ ಇಲ್ಲ. ಕೈ ಹಗುರವಾಗಿ ಓಡುತ್ತೆ, ತೂಕ ಬಿಡೋದೇ ಬೇಡ.”

ಬೆನ್ನಕ್ಕ ಸ್ಟೂಲಿನಿಂದ ಎದ್ದಳು.

“ಏನಂದೆ?”

“ತೂಕ ಬಿಡೋದು ಬೇಡ ಅಂದೆ.”

“ಅದೇ! ಅದೇ ಕಣೋ!” ಎಂದವಳೇ ಮೇಜಿನ ಮುಂದೆ ಬಂದು ಮುಂಗೈ ಊರಿದಳು. ಭುಜ ಮತ್ತೆ ಕಿವಿಗೆ ಬಂತು. ಭುಜದ್ದೂ ತಪ್ಪಲ್ಲ, ಕುತ್ತಿಗೆಯದ್ದೂ ತಪ್ಪಲ್ಲ. ಬೆರಳಿನ ತುದಿಯಲ್ಲಿ ಹಗುರವಾಗಿ ಕೆಲಸ ಮಾಡುವವಳಿಗೆಂದು ಬಡಗಿ ಅಳೆದುಕೊಟ್ಟ ಎತ್ತರ ಅದು. ಮೈಯ ತೂಕ ಬಿಟ್ಟು ಕೆಲಸ ಮಾಡುವವಳಿಗೆ ಮಂಚದ ಹಾಗೆ ತಗ್ಗಿರಬೇಕು. ಕಾಯಿಲೆ ಬಿದ್ದದ್ದು ಮೇಜಿನ ಕಾಲಿಗೆ!

“ಮಗಳೇ, ಗರಗಸ ತಗೊಂಡು ಬಾ.”

“ಗರಗಸ ಯಾಕಮ್ಮಾ?”

“ಆಪರೇಷನ್ನಿಗೆ.”

ಅಣ್ಣನಿಗೆ ಗಾಬರಿಯಾಯಿತು. “ಪುಟ್ಟೀ, ಮಾರಿದ ಸಾಮಾನು ಅದು!”

“ಮಾರಿದವರು ಯಾರೋ, ಸಾಮಾನು ನಂದು” ಎಂದು ಬೆನ್ನಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಹಿಡೀರಿ ಎಲ್ಲರೂ. ಬೋರಲು ಹಾಕಬೇಕು. ಅಣ್ಣಾ, ಬಗ್ಗಬೇಡ, ಮಂಡಿ ಮಡಚು. ನಿನ್ನ ಸೊಂಟ ನಂಗೊತ್ತು.”

ವಿರೋಧಿಸಬೇಕೆಂದುಕೊಂಡಿದ್ದ ಅಧ್ಯಕ್ಷ, ಮಂಡಿ ಮಡಚಿ ಎತ್ತುವುದರಲ್ಲಿ ವಿರೋಧಿಸುವುದನ್ನೇ ಮರೆತ. ಮೇಜು ಕಾಲು ಮೇಲೆ ಮಾಡಿ ಬಿತ್ತು. ಬೆನ್ನಕ್ಕ ಕಾಲುಗಳಿಗೆ ಗುರುತು ಹಾಕಿ, ಮಗಳು ತಂದ ಗರಗಸದ ಹಿಡಿಗೆ ಟವೆಲ್ ಸುತ್ತಿ, ಹೆಬ್ಬೆರಳನ್ನು ಹೊರಗೆ ಬಿಟ್ಟು ಅಂಗೈಯಲ್ಲಿ ಹಿಡಿದು, ಹಿಂಗಾಲು ಊರಿ ಕೊಯ್ಯತೊಡಗಿದಳು. ಕೊಯ್ಯುತ್ತಲೇ ಉಪನ್ಯಾಸ ಶುರುವಾಯಿತು.

“ನೋಡಿ, ಕೈಯಿಂದ ಅಲ್ಲ. ಹಿಮ್ಮಡಿಯಿಂದ. ಹಿಮ್ಮಡಿ, ಸೊಂಟ, ಬೆನ್ನು, ಆಮೇಲೆ ಕೈ. ಬೆರಳು ಒಂದು ನಿವೃತ್ತಿ ಆಯ್ತು ಅಂತ ಇಡೀ ಆಫೀಸು ಮುಚ್ಚುತ್ತಾರೇನು? ನಿಮ್ಮ ವಿಮಾ ಕಚೇರಿ ಮುಚ್ಚಿದ್ರಾ ಅಣ್ಣಾ, ನೀನು ಹೋದ ಮೇಲೆ?”

ಮುಚ್ಚಿರಲಿಲ್ಲ ಎಂಬುದು ಅಣ್ಣನ ಮನಸ್ಸಿನ ಹಳೆಯ ಗಾಯ.

ಮೊದಲ ಕಾಲಿನ ತುಂಡು ಉರುಳಿತು. ಎರಡನೆಯದು ಮುಗಿಯುವಷ್ಟರಲ್ಲಿ ಅವಳಿಗೆ ಏದುಸಿರು. ಗಂಡ ಹತ್ತಿರ ಬಂದ. ಇನ್ನೇನು ತಡೆಯುತ್ತಾನೆಂದು ಆಕೆ ಗರಗಸವನ್ನು ಎದೆಗವಚಿಕೊಂಡಳು.

“ಕೊಡು ಇಲ್ಲಿ” ಎಂದ ಅವನು. “ಇಷ್ಟಾದ ಮೇಲೆ ಅರ್ಧದಲ್ಲಿ ನಿಲ್ಲಿಸೋಕಾಗುತ್ತಾ? ಕೊನೇ ಸ್ಟಾಪಿಗೇ ಹೋಗೋಣ.”

ಉಳಿದೆರಡು ಕಾಲುಗಳನ್ನು ಅವನು ಕೊಯ್ದ. ಬ್ರೇಕಿನ ಕಾಲಿನಷ್ಟೇ ಜೋರು ಅವನ ಕೈಯೂ. ಒಂದು ಕಾಲು ಗುರುತು ದಾಟಿ ತುಸು ಗಿಡ್ಡವೇ ಆಯಿತು.

ಮೇಜನ್ನು ನಿಲ್ಲಿಸಿದರೆ ಅಲುಗಾಡಿತು. ತಲೆಯ ಕಡೆಯ ಬಲಗಾಲು ಗಾಳಿಯಲ್ಲಿ ಕುಣಿಯುತ್ತಿತ್ತು. ಅಣ್ಣನಿಗೆ ಅಧಿಕಾರ ವಾಪಸು ಬಂದ ಹಾಗಾಯಿತು. “ಇದೇ ಕಾಲು, ಇದೇ ಗಿಡ್ಡ ಆಗಿರೋದು” ಎಂದು ರಟ್ಟಿನ ತುಂಡು ಮಡಚಿ ಅದರ ಕೆಳಗೆ ತುರುಕಿದ. ಮೇಜು ಇನ್ನೂ ಜೋರಾಗಿ ಕುಣಿಯಿತು. ಇನ್ನೊಂದು ಮಡಿಕೆ ತುರುಕಿದ. ಅದು ಜೋಕಾಲಿಯೇ ಆಯಿತು.

ಬೆನ್ನಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಮುಖದ ಮೇಲೆ ಬಹಳ ದಿನದ ನಂತರ ಒಂದು ನಗು ಮೂಡಿತು. ಅಣ್ಣ ತುರುಕಿದ್ದ ರಟ್ಟನ್ನು ಕಿತ್ತು, ಮೇಜಿನ ಆ ತುದಿಗೆ ನಡೆದು, ಕಾಲಿನ ಕಡೆಯ ಎಡಗಾಲಿನ ಕೆಳಗಿಟ್ಟಳು. ಮೇಜು ಸದ್ದಡಗಿ ನಿಂತಿತು.

“ಕುಣೀತಿರೋದು ಅಲ್ಲಿ, ಗಿಡ್ಡ ಆಗಿರೋದು ಇಲ್ಲಿ” ಎಂದಳು. “ನಮ್ಮ ಗುರುಗಳು ಪೂರ್ತಿ ಸುಳ್ಳು ಹೇಳಿರಲಿಲ್ಲ.”

ಇಷ್ಟು ಹೊತ್ತೂ ಬಾಯಿ ತೆರೆದು ನಿಂತಿದ್ದ ಇಸ್ತ್ರಿ ಅಂಗಡಿಯವನು ಕೊನೆಗೆ ಅಳುಕುತ್ತ ಮುಂದೆ ಬಂದು ಹೊಸ ಎತ್ತರದ ಮೇಜಿನ ಮೇಲೆ ಕೈಯಿಟ್ಟ. ಅವನ ಸೊಂಟ ಇನ್ನೂ ಮಡಿಚಿತು.

“ಅಕ್ಕಾ, ಇದು ನನ್ನ ಮೇಜಿಗಿಂತ ಕುಳ್ಳಾಯ್ತಲ್ಲ. ಇದರ ಮೇಲೆ ಇಸ್ತ್ರಿ ಮಾಡಿದ್ರೆ ನನ್ನ ಬೆನ್ನು ಉಳಿಯುತ್ತಾ?”

“ಉಳಿಯಲ್ಲ. ಅದಕ್ಕೇ ಇದು ಇಲ್ಲೇ ಇರುತ್ತೆ.” ನೆಲದ ಮೇಲೆ ಬಿದ್ದಿದ್ದ ನಾಲ್ಕು ತುಂಡುಗಳನ್ನು ಆಯ್ದು ಅವನ ಕೈಗಿಟ್ಟಳು. “ನಿನಗೆ ಬೇಕಿದ್ದು ಎತ್ತರ ತಾನೇ? ತಗೋ. ಇವನ್ನ ನಿನ್ನ ಮೇಜಿನ ಕಾಲಿಗೆ ಮೊಳೆ ಹೊಡ್ಕೋ. ಇದೊಂದು ತುಂಡು ಸ್ವಲ್ಪ ಉದ್ದ ಇದೆ, ಉಜ್ಜಿ ಸರಿ ಮಾಡ್ಕೋ. ಮೊದಲು ಮೇಜು ಸರಿ ಹೋಗಲಿ, ಆಮೇಲೆ ಬಾ, ಬೆನ್ನು ನೋಡೋಣ. ಬರೀ ಬೆನ್ನು ಒತ್ತಿ ಕಳಿಸಿದ್ರೆ ನಾಳೆ ಮತ್ತೆ ಅದೇ ಕುಳ್ಳು ಮೇಜಿಗೆ ಹೋಗಿ ಬಗ್ಗುತ್ತೀಯ.”

ಅವನು ತುಂಡುಗಳನ್ನು ಕಂಕುಳಲ್ಲಿಟ್ಟುಕೊಂಡು, ವ್ಯಾಪಾರ ಮಾಡದೆಯೇ ಲಾಭವಾದ ಗೊಂದಲದಲ್ಲಿ ಹೊರಟುಹೋದ. ಮಗಳು ಮರದ ಪುಡಿ ಗುಡಿಸಿದಳು. ಗಂಡ ಚಹಾಕ್ಕೆ ನೀರಿಟ್ಟ. ಸಭೆಯನ್ನು ಮುಗಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಅಣ್ಣ ಕೋಣೆಯ ಮಧ್ಯೆ ನಿಂತಿದ್ದ. ಭಾನುವಾರ ಬೆಳಿಗ್ಗೆ ಈ ಕೋಣೆಗೆ ಬಂದರೆ ಅವನ ಮೈಗೆ ಗೊತ್ತಿದ್ದದ್ದು ಒಂದೇ. ಏನೋ ಯೋಚಿಸುತ್ತಲೇ ಬೂಟು ಕಳಚಿದ, ವಾಚು ಬಿಚ್ಚಿ ಕಿಟಕಿಯ ಮೇಲಿಟ್ಟ, ಹಳೆಯ ಎತ್ತರದ ಲೆಕ್ಕದಲ್ಲಿ ಮೇಜಿನ ಮೇಲೆ ಕೂರಲು ಹೋಗಿ, ನಿರೀಕ್ಷಿಸಿದ್ದಕ್ಕಿಂತ ಬಹಳ ಕೆಳಗೆ ಧೊಪ್ಪನೆ ಕೂತ.

“ಅಧ್ಯಕ್ಷರ ಪೀಠ ಇಳೀತು” ಎಂದಳು ಮಗಳು.

“ಸುಮ್ನಿರೇ” ಎಂದು ಅಣ್ಣ ಬೋರಲಾಗಿ ಮುಖವನ್ನು ತೂತಿನಲ್ಲಿಟ್ಟ.

“ನೋವು ಎಲ್ಲಿ ಅಣ್ಣಾ?”

“ಸೊಂಟದಲ್ಲಿ. ಯಾವಾಗಲೂ ಇರೋದೇ ಅಲ್ವಾ.”

ಹಿಂದಾಗಿದ್ದರೆ ಬೆನ್ನಕ್ಕ ಸೊಂಟವನ್ನು ಬಿಟ್ಟು ನೇರ ಪಾದಕ್ಕೆ ಹೋಗುತ್ತಿದ್ದಳು. ಈ ಸಲ ಮೊದಲು ನೋವಿರುವ ಜಾಗದ ಮೇಲೇ ಅಂಗೈ ಇಟ್ಟು ಕಾದಳು. ಹೆಬ್ಬೆರಳು ಕಲಿಸಿದ ಮರ್ಯಾದೆ ಅದು. ಅಲ್ಲಿ ತುಸು ಬಿಗಿ ಇತ್ತು, ಅಷ್ಟೇನಿಲ್ಲ. ಆಮೇಲೆ ಮೇಲಕ್ಕೆ ಸರಿದು, ಪಕ್ಕೆಗಳ ಮೇಲೆ ಮುಂಗೈ ಊರಿ, ಹಿಮ್ಮಡಿಯಿಂದ ತೂಕ ಬಿಟ್ಟಳು. ಈಗ ಭುಜ ಕಿವಿಗೆ ಬರಲಿಲ್ಲ. ಮೇಜು ಅವಳನ್ನು ತಾನಾಗಿಯೇ ಕೆಳಗೆ ಬಿಟ್ಟುಕೊಂಡಿತು. ಅಣ್ಣನ ಉಸಿರು ಒಂದು ಕಡೆ ತಡೆದು, ತಡೆದು, ಆಮೇಲೆ ನಿಧಾನವಾಗಿ ಹೊರಗೆ ಹೋಯಿತು.

“ಹೇಗಿದೆ?”

“ಹೆಬ್ಬೆರಳಿನಷ್ಟು ಚೆನ್ನಾಗಿಲ್ಲ” ಎಂದಿತು ತೂತಿನೊಳಗಿನ ದನಿ.

“ಇಲ್ಲ. ಅದು ಹಳೇ ನೌಕರ, ಅನುಭವಸ್ಥ. ಅದಕ್ಕೊಂದು ಸಭೆ ಮಾಡಿ ಸನ್ಮಾನ ಮಾಡು ಬೇಕಾದ್ರೆ, ಹಾರ ನಾನೇ ತರ್ತೀನಿ. ಕೋಣೆ ಮಾತ್ರ ನಾಳೆ ಬೆಳಿಗ್ಗೆ ತೆಗೀತೀನಿ. ತೀರ್ಮಾನ ಆಗಿದೆ.”

ಒಳಗೆ ಚಹಾ ಕುದಿಯುವ ಸದ್ದು ಕೇಳುತ್ತಿತ್ತು. ನಲ್ಲಿಯನ್ನು ಗಂಡ ತಿರುಗಿಸುತ್ತಿದ್ದ. ಆಮೇಲೆ ನೆಲದ ಧೂಳನ್ನು ಉದ್ದೇಶಿಸಿ, ಅಧ್ಯಕ್ಷ ಜನ್ಮದಲ್ಲಿ ಮೊದಲ ಬಾರಿಗೆ ಮುಂದಿನ ಅಂಶಕ್ಕೆ ಬಂದ.

“ಎರಡನೆಯದಾಗಿ,” ಎಂದ, “ಪುಟ್ಟೀ, ಇನ್ನೂ ಸ್ವಲ್ಪ ಎಡಕ್ಕೆ.”